ಗಂಗೂ ಹೇಳಿದ ನನ್ನ ನೋವು

೪ ಫೆಬ್ರವರಿ ೧೯೫೬, ಚೆಂಬೂರು, ಮುಂಬಯಿ

ಮತ್ತೆ ಹೊರಗಾಗಿದ್ದೇನೆ. ಚಾಳಿನ ಗ್ಯಾಲರಿಯ ತುದಿಯಲ್ಲಿ ನಾನು, ನನ್ನ ಚಾಪೆ. ಮೊಣಕಾಲು ಹೊಟ್ಟೆಗೆ ಒತ್ತಿಕೊಂಡು ಬರೆಯುತ್ತಿದ್ದೇನೆ. ನೆಗೆಣ್ಣಿ ಗಂಗೂ ದೂರದಿಂದಲೇ ತಾಟು ಸರಿಸಿ ಹೋದಳು. ಏಳು ತಿಂಗಳ ಬಸುರಿ. ಅವಳು ಸೊಂಟ ಹಿಡಿದುಕೊಂಡರೆ ಸಾಕು, ಅತ್ತೆ ಎಣ್ಣೆ ಕಾಸುತ್ತಾರೆ. ಎಂಟು ವರ್ಷದಿಂದ ತಿಂಗಳು ತಿಂಗಳು ನೋವಿಗೆ ಹೊರಳಾಡುವ ನಾನು ಮಾತ್ರ ಕೆಲಸಗಳ್ಳಿ. ಹೊಟ್ಟೆಕಿಚ್ಚು ನನಗೆ. ಹೌದು. ಇಲ್ಲಿ ಯಾರಿಗೆ ಸುಳ್ಳು ಹೇಳಲಿ?

೯ ಫೆಬ್ರವರಿ

ಇವರು ಫೋರ್ಟಿನ ಆಫೀಸಿಗೆ ಅರ್ಧ ದಿನ ರಜೆ ಹಾಕಿ ಆಸ್ಪತ್ರೆಗೆ ಕರೆದೊಯ್ದರು. ಗಂಗೂನ ತಪಾಸಣೆಯೂ ಆಗಲಿ ಅಂತ ಅತ್ತೆ ಅವಳನ್ನೂ ಕಳಿಸಿದರು — ಇರಲಿ. ನೋವು ಯಾವಾಗ, ಯಾವ ಕಡೆ ಅಂತ ಲೇಡಿ ಡಾಕ್ಟರ್ ಇವರನ್ನು ಕೇಳಿದರು. ಇವರಿಗೇನು ಗೊತ್ತು? ಆ ಮೂರು ದಿನ ಗ್ಯಾಲರಿಯ ಕಡೆ ತಲೆಯೂ ಹಾಕುವುದಿಲ್ಲ. ಇವರೆದುರು ನನಗೆ ನಾಚಿಕೆ. ಗಂಗೂ ಹೇಳಿದಳು.

"ಹೊರಗಾಗೂಕಿಂತ ಎರಡ ದಿನಾ ಮೊದಲ ಸುರು ಆಗ್ತದರಿ. ಎಡಕ್ಕ. ಅಕ್ಕಗ ಕೂತ ಏಳಾಕ ಬರೂದಿಲ್ಲ."

ತಾಟು ಸರಿಸುವಾಗ ಎಲ್ಲ ನೋಡಿದ್ದಾಳೆ. ಡಾಕ್ಟರ್ ತಲೆಯಾಡಿಸಿ ಬರೆದುಕೊಂಡರು. ಇವರೂ ಹೌದೇನು ಅಂದರು. ನಾನು ಹೇಳಿದಾಗ ಸೋಗು, ಅವಳು ಹೇಳಿದರೆ ರೋಗ! ಉಪಕಾರವಾಯಿತು ಅನ್ನಬೇಕಿತ್ತು. ವಾಪಸು ಬರುವಾಗ ಲೋಕಲ್ ರೈಲಿನಲ್ಲಿ ಅವಳ ಪಕ್ಕ ಕೂಡಲಿಲ್ಲ.

೨೧ ಫೆಬ್ರವರಿ, ಮಧ್ಯಾಹ್ನ, ವಾರ್ಡು

ನಾಳೆ ಆಪರೇಶನ್. ಹೊಟ್ಟೆ ತೆರೆದು ನೋಡದೆ ಏನೂ ಹೇಳಲಾಗದಂತೆ. ಬಹಳ ಕೆಟ್ಟಿದ್ದರೆ ಗರ್ಭಕೋಶ ತೆಗೆಯಬೇಕಾದೀತು... ನೋವಿದ್ದರೆ ಇರಲಿ, ಅದೊಂದು ಉಳಿಸಿ ಅಂದೆ. ಡಾಕ್ಟರ್ ಕೈ ಹಿಡಿದುಕೊಂಡರು, ಮಾತು ಕೊಡಲಿಲ್ಲ. ಒಪ್ಪಿಗೆ ಪತ್ರಕ್ಕೆ ಸಹಿ ಇವರದು. ಗಂಗೂ ಡಬ್ಬಿ ಕಳಿಸಿದ್ದಳು. ಪಕ್ಕದ ಮಂಚದವಳಿಗೆ ಕೊಟ್ಟೆ.

೨ ಮಾರ್ಚ್

ಇವತ್ತು ಹೊಲಿಗೆ ಬಿಚ್ಚಿದರು. ಇಷ್ಟು ದಿನ ಕೇಳಿದರೆ ಮಾತು ಹಾರಿಸುತ್ತಿದ್ದ ಇವರು ಈಗ ಹೇಳಿದರು. ಒಳಗೆಲ್ಲ ಒಂದಕ್ಕೊಂದು ಅಂಟಿಕೊಂಡಿತ್ತಂತೆ, ಹಳೆ ರಕ್ತ ತುಂಬಿದ ಗಂಟುಗಳು. "ನೀ ಹೇಳಿದ್ದು ಖರೇನ ಇತ್ತು," ಅಂದರು. ಎಂಟು ವರ್ಷ ಈ ಮಾತಿಗೆ ಕಾದಿದ್ದೆ. ಒಂದು ಗಳಿಗೆ ಗೆದ್ದ ಹಾಗಾಯಿತು.

ಗರ್ಭಕೋಶ? ಅಂದೆ.

ಕಿಟಕಿ ಕಡೆ ನೋಡಿದರು. ತೆಗೆದರಂತೆ. ಬೇರೆ ದಾರಿ ಇರಲಿಲ್ಲವಂತೆ.

"ಗಂಗೂ ಅವತ್ತಿನಿಂದ ಅಳಾಕತ್ತಾಳ. ಊಟ ಬಿಟ್ಟಾಳ. ಮನ್ಯಾಗ ಎಲ್ಲಾರೂ ಆಕೀನ್ನ ಸಮಾಧಾನ ಮಾಡಾಕತ್ತೀವಿ."

ಎಲ್ಲರೂ. ಅವಳನ್ನು. ಹತ್ತು ದಿನದಿಂದ ನನ್ನ ಪಾಲಿನ ಅಳುವನ್ನೂ ಅವಳೇ ಅಳುತ್ತಿದ್ದಾಳೆ. ನಾನಿನ್ನೂ ಒಂದು ಹನಿ —