ಆ ಕಡೆಯವರ ಮಾತಿಗೆ ತೆಲುಗು ಇರಲಿಲ್ಲ

ಮಾವಾ,

ತೀರ್ಥರೂಪ, ಸಾಷ್ಟಾಂಗ ಅಂತೆಲ್ಲ ಶುರು ಮಾಡಿದರೆ ನೀವೇ ನಗುತ್ತೀರಿ. ಸೊಸೆ ಮಾವನಿಗೆ ಕಾಗದ ಬರೆಯುವುದೇ ವಿಚಿತ್ರ, ಅದೂ ತೀರಿಕೊಂಡ ಮಾವನಿಗೆ. ಆದರೆ ಇದನ್ನು ಇನ್ಯಾರಿಗೆ ಹೇಳಲಿ? ಕೌಬಾಯ್ ಸಿನಿಮಾ ಅಂದರೆ ನಿಮ್ಮ ಮಗನಿಗೆ ನಿದ್ದೆ ಬರುತ್ತದೆ. ರೇಷ್ಮೆ ಹುಳುಗಳಿಗೆ ಈಗಷ್ಟೇ ಸೊಪ್ಪು ಹಾಕಿ ಬಂದಿದ್ದೇನೆ. ಮತ್ತೆ ಹಾಕುವವರೆಗೆ ಬಿಡುವಿದೆ.

ಮದುವೆಯಾಗಿ ಬಂದ ಹೊಸದರಲ್ಲಿ ಹುಳದ ಮನೆಯೊಳಗಿಂದ ಗುಂಡಿನ ಸದ್ದು ಕೇಳಿ ನಾನು ಬೆಚ್ಚಿಬಿದ್ದದ್ದು ನೆನಪಿದೆಯಾ? ಓಡಿಬಂದರೆ, ನೀವು ಫೋನನ್ನು ಕಂಬಕ್ಕೆ ಒರಗಿಸಿ, ಹುಳದ ಮೇಲೆ ಸೊಪ್ಪು ಉದುರಿಸುತ್ತಾ, ತೆಲುಗು ಮಾತಾಡುವ ಕುದುರೆ ಸವಾರರನ್ನು ನೋಡುತ್ತಿದ್ದಿರಿ. "ಬಾಮ್ಮ, ಕಾಲು ಅದ್ಕೊಂಡು ಬಾ. ಈಗ ಇವ್ನು ಸಾಯ್ತಾನೆ" ಅಂದಿರಿ. ಬಾಗಿಲ ಬಳಿಯ ಬ್ಲೀಚಿಂಗ್ ನೀರಿನಲ್ಲಿ ಕಾಲು ಅದ್ದಿ ಬಂದರೂ ಅವನು ಸತ್ತಿರಲಿಲ್ಲ, ಅರ್ಧ ಸಿನಿಮಾ ನರಳಿದ. ನಿಮಗೆ ಅಂಥದ್ದೇ ಬೇಕಿತ್ತು. ಅಂಗಿ ಕೊಳೆಯಾಗದ ಹೀರೋ ಬಂದರೆ "ಇವನ್ಯಾರೋ ಮದ್ವೆಗೆ ಹೊರಟವ್ನೆ" ಅಂತ ಬೇರೆ ಸಿನಿಮಾ ಹಾಕುತ್ತಿದ್ದಿರಿ. ಕೆಸರು, ನೊಣ, ಹೊತ್ತಿಗೆ ಸರಿಯಾಗಿ ಕೈಕೊಡುವ ಬಂದೂಕು, ಯಾರು ಮೊದಲು ಹೊಡೆದರೆಂದು ಕೊನೆಗೂ ಗೊತ್ತಾಗದ ಜಗಳ... ಅವೇ ನಿಮಗೆ ನಿಜವಾದ ಸಿನಿಮಾ.

ಒಂದು ಮಧ್ಯಾಹ್ನ, ಮರದ ಮನೆಯೊಳಗೆ ಸಿಕ್ಕಿಬಿದ್ದ ಕುಟುಂಬದ ಕತೆ ನೋಡಿದೆವು. ಹೊರಗೆ ಸುತ್ತುವರಿದಿದ್ದವರು ಆ ನೆಲದ ಮೂಲ ಜನ. ನಿಮ್ಮ ಮೊದಲ ಚಿಂತೆ, ಬಾಗಿಲು ಹಾಕಿಕೊಂಡು ಕೂತವರು ದನಕ್ಕೆ ನೀರು ಯಾವಾಗ ಇಟ್ಟರು ಅಂತ. ಆಮೇಲೆ ಗುಡ್ಡದ ಮೇಲಿಂದ ಒಬ್ಬ ಏನೋ ಕೂಗಿದ. ಮನೆಯೊಳಗಿನವರ ಮಾತನ್ನೆಲ್ಲ ತೆಲುಗಿಗೆ ತಂದವರು ಆ ಕಡೆಯವರ ಮಾತನ್ನು ಹಾಗೇ ಬಿಟ್ಟಿದ್ದರು. ನೀವು ಹಿಂದಕ್ಕೆ ಹಾಕಿ ಹಾಕಿ ಕೇಳಿದಿರಿ. "ಏನೋ ಹೇಳ್ತಾವ್ನೆ ಕಣಮ್ಮ. ಇವ್ರಿಗೂ ಅರ್ಥ ಆಗ್ಲಿಲ್ಲ, ನಮ್ಗೂ ಆಗ್ಲಿಲ್ಲ" ಅಂದಿರಿ. ನಾನು ಮಾತ್ರ ಬಾಗಿಲ ಹಿಂದೆ ಬಂದೂಕು ಹಿಡಿದು ನಿಂತ ಹೆಂಗಸನ್ನೇ ನೋಡುತ್ತಿದ್ದೆ.

ನೀವು ಹೋದ ಮೇಲಿನ ಮೊದಲ ಬೆಳೆಯಲ್ಲಿ ನಾನೇ ಆ ಹೆಂಗಸಾದೆ. ನಿಮ್ಮ ಮಗ ಕುಡುಮಲಕುಂಟೆಯ ಫ್ಯಾಕ್ಟರಿ ಹತ್ತಿರವೇ ರೂಮು ಮಾಡಿದ್ದಾರೆ, ರಜೆ ಸಿಕ್ಕಿದಾಗ ಬರುತ್ತಾರೆ. ಮರಿ ತಂದು ಹುಳು ಕಟ್ಟಿದ ಮೇಲೆ, ಗೂಡಾಗುವವರೆಗೆ ನಾನು ಹೊಸ್ತಿಲು ದಾಟುವ ಹಾಗಿಲ್ಲ. ಮುರುಗಮಲ್ಲದಲ್ಲಿ ನನ್ನ ತಂಗಿಯ ಮಗುವಿಗೆ ಹೆಸರಿಟ್ಟರು. ಬಸ್ಸು ಹತ್ತಿದರೆ ಎಷ್ಟು ಹೊತ್ತಿನ ದಾರಿ? ಆದರೂ ಹೋಗಲಾಗಲಿಲ್ಲ. ಹುಳು ಕೊಲ್ಲುವ ಊಜಿ ನೊಣ ಒಳಗೆ ಬಾರದಿರಲೆಂದು ಬಲೆ ಹೊಡೆದ ಕಿಟಕಿಯಿಂದ ಅಂಬಾಜಿದುರ್ಗ ನೋಡುತ್ತಾ ಕೂತಿದ್ದೆ. ನಾನು ಹುಳು ಸಾಕುತ್ತಿದ್ದೇನೋ, ಹುಳುಗಳೇ ನನ್ನನ್ನು ಕೂಡಿಹಾಕಿವೆಯೋ ಅನ್ನಿಸಿಬಿಟ್ಟಿತು.

ಕೊನೆಯ ಪೊರೆ ಕಳಚಿ ನಾಲ್ಕನೇ ಜ್ವರದಿಂದ ಎದ್ದ ಹುಳುಗಳು ಹಸಿದು ಮೇಯುವ ಹೊತ್ತಿಗೆ, ಬದುವಿನ ಆಚೆಯ ಪಿಳ್ಳಪ್ಪ ದ್ರಾಕ್ಷಿಗೆ ಔಷಧಿ ಹೊಡೆಸಿದರು. ನೀವಿದ್ದಾಗ ಹಿಂದಿನ ದಿನವೇ ಹೇಳುತ್ತಿದ್ದರು. ನಾವು ಸೊಪ್ಪು ಕೊಯ್ದು ಒದ್ದೆ ಗೋಣಿ ಮುಚ್ಚಿ ಇಟ್ಟುಕೊಳ್ಳುತ್ತಿದ್ದೆವು. ಈ ಸಲ ಒಂದು ಮಾತೂ ಹೇಳಲಿಲ್ಲ. ಗಾಳಿ ನಮ್ಮ ಸೊಪ್ಪಿನ ತೋಟದ ಕಡೆಗೇ ಬೀಸಿತ್ತು. ಅದೇ ಸೊಪ್ಪು ತಿಂದ ಹುಳುಗಳು ತಲೆ ಅಲ್ಲಾಡಿಸಿ, ಹಸಿರು ನೀರು ಕಾರಿ ಸತ್ತವು. ಗುಂಡಿ ತೋಡಿ, ಸುಣ್ಣ ಹಾಕಿ ನಾನೊಬ್ಬಳೇ ಮುಚ್ಚಿದೆ. ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ಪಿಳ್ಳಪ್ಪ ನಮ್ಮ ಜಮೀನು ಕೇಳಿದ್ದು ಊರಿಗೇ ಗೊತ್ತು. ನಾವು ನೋಡಿದ ಸಿನಿಮಾಗಳಲ್ಲಿ ನೆಲ ಬೇಕಾದವರು ಮೊದಲು ಬಾವಿಗೆ ವಿಷ ಹಾಕುತ್ತಿರಲಿಲ್ಲವಾ?

ನಿಮ್ಮ ಮಗನಿಗೆ ಹೇಳಿದರೆ, "ಮಾರ್ಬಿಡಣ ಸುಜಾತಾ. ಇಲ್ಲಿಗೇ ಬಂದ್ಬಿಡು" ಅಂದರು. ಆ ರೂಮನ್ನು ನಾನು ನೋಡಿದ್ದೇನೆ. ಇರುವ ಒಂದು ಕಿಟಕಿ ತೆಗೆದರೆ ಎದುರಿಗೆ ಫ್ಯಾಕ್ಟರಿ ಗೋಡೆ. ಇಲ್ಲಿದ್ದರೆ ಪಿಳ್ಳಪ್ಪ, ಅಲ್ಲಿಗೆ ಹೋದರೆ ಆ ಗೋಡೆ. ಎಲ್ಲಿಗೆ ಅಂತ ಹೋಗಲಿ ಮಾವಾ? ಹಟ ಹಿಡಿದು ಮತ್ತೆ ಹುಳು ಕಟ್ಟಿದೆ. ಇದೂ ಸತ್ತರೆ ಮಾರಲು ಒಪ್ಪಿಕೊಳ್ಳುತ್ತೇನೆ ಅಂತ ಮಾತು ಕೊಟ್ಟೆ.

ಹುಳುಗಳು ಮತ್ತೆ ನಾಲ್ಕನೇ ಜ್ವರದಿಂದ ಎದ್ದಿದ್ದವು. ಕಿಟಕಿಯಿಂದ ನೋಡಿದರೆ ಪಿಳ್ಳಪ್ಪ ಡ್ರಮ್ಮಿನಲ್ಲಿ ಔಷಧಿ ಕಲಸುತ್ತಿದ್ದಾರೆ. ಸೊಪ್ಪು ಕೊಯ್ಯುವ ಕುಡುಗೋಲು ಕೈಯಲ್ಲೇ ಇತ್ತು, ಹಾಗೇ ಓಡಿದೆ.

"ಏನ್ ಪಿಳ್ಳಪ್ಪ ಮಾವ, ಈ ಸಲಾನೂ ಸಾಯಿಸ್ಬೇಕು ಅಂತಾನಾ?"

ಅವರು ಕುಡುಗೋಲು ನೋಡಿದರು, ನನ್ನನ್ನು ನೋಡಿದರು. "ಯಾರನ್ನಂತ ಕೂಗ್ಲಮ್ಮ ನಾನು? ನಿನ್ ಮಾವ ಇದ್ದಿದ್ರೆ ಮುನೆಂಕಟಪ್ಪಾ ಅಂತ ಒಂದ್ ಕೂಗು ಹಾಕ್ತಿದ್ದೆ. ಹೋದ್ ಸಲ ನಿನ್ ಗಂಡನ್ಗೆ ಫೋನ್ ಮಾಡ್ದೆ, ಎತ್ಲಿಲ್ಲ. ಔಷ್ದಿ ಮೈಯಾಗೆ ಹುಳದ ಮನೆ ಬಾಗ್ಲಿಗೆ ಬರಕ್ಕಾಯ್ತದಾ?"

ಫೋನು ಬಂದದ್ದು ನಿಜವಂತೆ. ನಿಮ್ಮ ಮಗ ಡ್ಯೂಟಿ ಮುಗಿಸಿ ನೋಡಿ, ಜಮೀನಿನ ಮಾತಿಗಿರಬೇಕು ಅಂತ ಸುಮ್ಮನಾದರಂತೆ.

"ನನ್ನನ್ನ ಕೂಗ್ಬೋದಿತ್ತಲ್ಲ? ಸುಜಾತಾ ಅನ್ನಿ."

"ಛೆ ಛೆ! ಒಂಟಿಯಾಗಿರೋ ಸೊಸೇನ ಬದುನ್ ಮೇಲೆ ನಿಂತು ಹೆಸ್ರು ಹಿಡ್ದು ಕೂಗಿದ್ರೆ ಊರೋರು ಏನಂತಾರಮ್ಮ? ನಿನ್ ಮರ್ಯಾದೆ ಏನಾಗ್ಬೇಕು?"

ನಂಬರು ಕೊಡುತ್ತೇನೆ ಅಂದರೆ ಅದಕ್ಕೂ ಛೆ ಛೆ. ನನ್ನ ಮರ್ಯಾದೆ ಉಳಿಸಲು ಒಂದು ಮನೆ ತುಂಬ ಹುಳು ಸತ್ತಿದ್ದವು ಮಾವಾ! ನಗಬೇಕೋ ಕುಡುಗೋಲು ಬೀಸಬೇಕೋ ತಿಳಿಯಲಿಲ್ಲ. "ನಮ್ಮ ಜಮೀನು ಬೇಕಲ್ವಾ ನಿಮಗೆ?" ಅಂತ ಕೇಳಿಯೇಬಿಟ್ಟೆ. "ಬೇಕು. ಕೊಟ್ರೆ ಇವತ್ತೇ ತಗೋತೀನಿ. ಅದ್ಕೆ ಹುಳ ಸಾಯಿಸ್ತಾರೇನಮ್ಮ?" ಅಂದರು. ಸುಳ್ಳು ಹೇಳುವ ಮುಖವಾಗಿರಲಿಲ್ಲ. ಒಳ್ಳೆಯವರ ಮುಖವೂ ಆಗಿರಲಿಲ್ಲ. ನಿಮ್ಮ ಸಿನಿಮಾಗಳಲ್ಲಿ ಇರುತ್ತಿದ್ದದ್ದು ಅಂಥ ಮುಖಗಳೇ.

ಅವತ್ತು ಔಷಧಿ ನಿಲ್ಲಿಸಿದರು. ಕತ್ತಲಾಗುವವರೆಗೆ ಸೊಪ್ಪು ಕೊಯ್ದು ಒಳಗೆ ತುಂಬಿಕೊಂಡೆ. ಆ ಬೆಳೆಯ ಹುಳುಗಳು ಮೇದು ಹಣ್ಣಾಗಿ ಗೂಡು ಕಟ್ಟಿದವು, ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೂ ಹೋಯಿತು. ಮಾರುವ ಮಾತನ್ನು ನಿಮ್ಮ ಮಗ ಸದ್ಯಕ್ಕೆ ಬಿಟ್ಟಿದ್ದಾರೆ. ಸದ್ಯಕ್ಕೆ ಅಷ್ಟೇ.

ಈಗ ನಿಮಗೆ ಗೊತ್ತಿಲ್ಲದ ಸುದ್ದಿ. ಇವತ್ತು ಬೆಳಿಗ್ಗೆ ಸೊಪ್ಪು ಹಾಕುತ್ತಿದ್ದಾಗ ಬದುವಿನ ಮೇಲಿಂದ ಪಿಳ್ಳಪ್ಪನವರ ಕೂಗು ಬಂತು. "ಮುನೆಂಕಟಪ್ಪಾ! ನಾಳಿಕ್ಕೆ ಔಷ್ದಿ ಕಣಪ್ಪೋ!" ಒಳಗಿನಿಂದ ನೀವೇ ಉತ್ತರ ಕೊಡುತ್ತೀರಿ ಅನ್ನಿಸಿ ಒಂದು ಗಳಿಗೆ ಕಾದೆ. ಸೊಪ್ಪು ಮೇಯುವ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಕಿಟಕಿಯ ಬಲೆಗೆ ಬಾಯಿ ಹಚ್ಚಿ "ಓ..." ಅಂದೆ. "ಆಯ್ತಪ್ಪ" ಅಂತ ಅವರು ಹೋದರು.

ಈ ಊರಿನವರ ಬಾಯಿಗೆ ನನ್ನ ಹೆಸರು ಬರುವವರೆಗೆ ನಿಮಗೂ ಬಿಡುಗಡೆಯಿಲ್ಲ ಮಾವಾ. ಅಲ್ಲಿಯವರೆಗೆ ನಿಮ್ಮನ್ನು ಕೂಗಿದಾಗಲೆಲ್ಲ ನಾನೇ ಓ ಅನ್ನುತ್ತೇನೆ.

ನಿಮ್ಮ ಸೊಸೆ,
ಸುಜಾತ