ಐದು ಸ್ವರಕ್ಕೊಂದು ಮನೆ

ಹೋದಮೇಲೂ ಹೋಗದ ಗೆಳೆಯ ಲತೀಫನಿಗೆ,

ನೀನು ತೀರಿಕೊಂಡು ಐದು ವರ್ಷವಾಯಿತು. ಸತ್ತವರ ಕ್ಷೇಮ ಕೇಳುವ ಪದ್ಧತಿ ಇಲ್ಲವಾದ್ದರಿಂದ ನನ್ನದನ್ನೇ ಹೇಳಿಬಿಡುತ್ತೇನೆ. ಹೊಸ ತಿಪ್ಪಸಂದ್ರದ ಅದೇ ಮಹಡಿ ಕೋಣೆ, ಅದೇ ಕಾಲೇಜಿನ ಪಾಠ. ಕೂದಲು ಮಾತ್ರ ಅವರೋಹಣದಲ್ಲಿದೆ.

ನಾವಿಬ್ಬರೂ ಹಲಸೂರಿನ ರಾಮಲಕ್ಷ್ಮಮ್ಮನವರ ಬಳಿ ಸಂಗೀತಕ್ಕೆ ಸೇರಿದ್ದು ತೊಂಬತ್ತೇಳರಲ್ಲಿ. ಹುಟ್ಟಿದಾಗಿನಿಂದಲೂ ನಾನು ರಾಗ ತೆಗೆಯುವವನೇ ಎಂದು ನಮ್ಮಮ್ಮ ಹೇಳುತ್ತಿದ್ದಳು, ಟೀಚರ್ ಒಪ್ಪಲಿಲ್ಲ. ರಾಗದ ಮಾತೇ ಎತ್ತದೆ ತಿಂಗಳುಗಟ್ಟಲೆ ಶ್ರುತಿಪೆಟ್ಟಿಗೆಯ ಮುಂದೆ ಕೂರಿಸಿದರು. ಆಮೇಲೆ ಅವರದೊಂದು ಆಟ. ನಾವು ಕಣ್ಣು ಮುಚ್ಚಿ ಮೋಹನ ರಾಗದ ಐದು ಸ್ವರ ಹಾಡುತ್ತಿರುವಾಗ ಸದ್ದಿಲ್ಲದೆ ಗುಂಡಿ ತಿರುಗಿಸಿ ಶ್ರುತಿಯನ್ನು ಬೇರೊಂದು ಸ್ವರಕ್ಕೆ ಸರಿಸುತ್ತಿದ್ದರು. ಗಂಟಲಲ್ಲಿ ಅವೇ ಐದು ಸ್ವರ, ಕಾಲಡಿಯ ನೆಲ ಮಾತ್ರ ಬೇರೆ. ರಿಷಭವನ್ನೇ ನೆಲೆಯ 'ಸ' ಎಂದು ಹಿಡಿದು ಷಡ್ಜ ಮಾಡಿದರೆ ಮಧ್ಯಮಾವತಿ, ಗಾಂಧಾರವನ್ನು ಮಾಡಿದರೆ ಹಿಂದೋಳ. "ಈಗ ಮನೆ ಎಲ್ಲಿದೆ, ಹೇಳ್ರಯ್ಯ" ಎಂದು ಕೇಳುವರು. ಕಗ್ಗದಾಸಪುರದ ಹತ್ತಿರ ಎಂದು ನಾನು ತಲೆಹರಟೆ ಮಾಡುವಷ್ಟರಲ್ಲಿ ನೀನು ಹೊಸ ಷಡ್ಜ ಹಿಡಿದು ಕೂತಿರುತ್ತಿದ್ದೆ, ಬಾಡಿಗೆ ಮನೆ ಬದಲಿಸಿದಷ್ಟು ಸಲೀಸಾಗಿ.

ನಿನ್ನ ತಂಗಿ ಫಹ್ಮಿದಾಳಿಗೆ ಮುಂದೆಂದಾದರೂ ಮದುವೆಯಾದಾಗ ನುಡಿಸಲೆಂದು ನೀನೊಂದು ಧಾಟಿ ಕಟ್ಟಿದೆಯಲ್ಲ, ಅದನ್ನು ರೆಕಾರ್ಡ್ ಮಾಡಲು ನನ್ನ ಕೋಣೆಗೆ ಬಂದ ದಿನ ಕರೆಂಟು ಹೋಗಿತ್ತು. ಟೇಪ್‌ರೆಕಾರ್ಡರಿಗೆ ಬ್ಯಾಟರಿ ಇತ್ತು, ಶ್ರುತಿಪೆಟ್ಟಿಗೆಗೆ ಇರಲಿಲ್ಲ. ಶ್ರುತಿಯಿಲ್ಲದೆ ಬೇಡವೋ ಎಂದೆ. ನೀನು ಕೇಳದೆ ಗುನುಗತೊಡಗಿದೆ. ಐದೇ ಸ್ವರ, ಯಾವುದರ ಮೇಲೂ ನಿಲ್ಲದೆ ಸುಳಿದಾಡಿ, ಮಧ್ಯದಲ್ಲೆಲ್ಲೋ ತುಂಡಾಗುತ್ತದೆ. ಟೇಪಿನ ಕೊನೆಗೆ ನಿನ್ನ ಮಾತು ಕೇಳಿಸುತ್ತದೆ: "ಕರೆಂಟ್ ಬರ್ಲಿ ಮಗಾ, 'ಸ' ಆಮೇಲೆ ಹಾಕೋಣ."

ಕರೆಂಟು ಬಂತು. ನಿನಗೆ ಜ್ವರ ಬಂತು. ನೀನು ಬರಲಿಲ್ಲ.

ಆ ಧಾಟಿ ಅಂದಿನಿಂದ ನನ್ನ ಬೆನ್ನು ಬಿಟ್ಟಿಲ್ಲ. ಬಸ್ಸಿನ ಬ್ರೇಕಿನಲ್ಲಿ, ಕೋಣೆಯ ಫ್ಯಾನಿನ ಗುಂಯ್‌ನಲ್ಲಿ, ಪರೀಕ್ಷಾ ಕೊಠಡಿಯ ಮೌನದಲ್ಲಿ, ತಲೆ ಒರೆಸಿಕೊಳ್ಳುವಾಗ ಟವಲಿನೊಳಗೆ ಅದೇ. ಒಂದೊಂದೇ ಷಡ್ಜ ಕೊಟ್ಟು ನೋಡಿದೆ. ಮೋಹನವಾದರೆ ನೀನು ಮಾಸ್ಕ್ ರೋಡಿನ ಸಮೋಸ ಹಿಡಿದು ನಗುತ್ತ ಒಳಗೆ ಬರುತ್ತೀಯ. ಹಿಂದೋಳವಾದರೆ ಮೆಟ್ಟಿಲ ಮೇಲೆ ನಿಂತೇ ಇರುತ್ತೀಯ, ಕರೆದರೂ ಹತ್ತುವುದಿಲ್ಲ. ಮಧ್ಯಮಾವತಿಯಾದರೆ ಚಪ್ಪಲಿ ಮೆಟ್ಟಿಕೊಳ್ಳುತ್ತಿರುತ್ತೀಯ. ಅದನ್ನು ಪೂರ್ತಿ ಕೇಳುವ ಧೈರ್ಯ ನನಗಿರಲಿಲ್ಲ.

ಕೊನೆಗೆ ಟೀಚರ ಬಳಿ ಕ್ಯಾಸೆಟ್ ಒಯ್ದೆ. ಕೇಳಿ ಕ್ಯಾಸೆಟ್ಟನ್ನು ನನ್ನ ಕೈಗೇ ವಾಪಸ್ ಕೊಟ್ಟರು. "ಮನೆ ಇಲ್ದಿರೋ ಹಾಡು ಹಿಂದಿಂದೇ ಬರುತ್ತೆ ಕಣಯ್ಯ. ಒಂದು ಷಡ್ಜ ಕೊಟ್ಟು ಕೂರಿಸ್ಬಿಡು. ನಿನ್ನ ಬಿಟ್ಟುಹೋಗುತ್ತೆ."

ನಾನು ಬೆಚ್ಚಿದ್ದು ಆ ಕೊನೆಯ ಮಾತಿಗೆ. ದೆವ್ವ ಬಿಡಿಸಿ ಎಂದು ಯಾರು ಕೇಳಿದ್ದರು? ನೆಲೆಯಿಲ್ಲದೆ ಅಲೆಯುವಷ್ಟು ದಿನ ನೀನು ದಿನವೂ ಬರುತ್ತೀಯ. ಕ್ಯಾಸೆಟ್ಟನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ.

ಹೋದ ತಿಂಗಳು ಫಹ್ಮಿದಾ ಬಂದಳು. ಮದುವೆ ಗೊತ್ತಾಗಿದೆ, ಮೆಹಂದಿಯ ದಿನ ಭಾಯಿಯ ಧಾಟಿ ನುಡಿಸಬೇಕು ಎಂದಳು. ಹಾರ್ಮೋನಿಯಂ ಕೆಟ್ಟಿದೆ ಎಂದೆ, ನಾನೇ ಕೆಟ್ಟಿದ್ದೇನೆ ಎಂದೆ, ಇನ್ನೂ ಏನೇನೋ ಕುಚೋದ್ಯ. ಅವಳು ನಗಲಿಲ್ಲ.

"ಕಾಂತಣ್ಣ, ನಾನು ಹೋದ್ಮೇಲೆ ಅಮ್ಮಿ ಹತ್ರ ಯಾರಿರ್ತಾರೆ? ಭಾಯಿನ ನೀವೊಬ್ರೇ ಎಷ್ಟು ದಿನ ಇಟ್ಕೋತೀರಾ?"

ಪುಲಿಕೇಶಿನಗರದ ನಿಮ್ಮ ಹಜಾರದಲ್ಲಿ ಸಂಜೆ ಹಾರ್ಮೋನಿಯಂ ಇಟ್ಟುಕೊಂಡು ಕೂತೆ. ಮೆಹಂದಿಯ ಹಸಿ ವಾಸನೆ, ಹೆಂಗಸರ ಗಲಗಲ. ಅಮ್ಮಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾರ್ಮೋನಿಯಂನ ಒಂದು ಮನೆ ತೋರಿಸಿ, ಇದನ್ನು ಒತ್ತಿ ಹಿಡಿಯಿರಿ, ಬಿಡಬೇಡಿ ಎಂದೆ. ರಿಷಭ. ಮೋಹನಕ್ಕೆ ಮನಸ್ಸು ಎಳೆಯಿತು, ಮದುವೆಮನೆ ಬೇರೆ. ಆದರೆ ಕಛೇರಿ ಮುಗಿಯುವಾಗ ಮಧ್ಯಮಾವತಿ ಹಾಡುತ್ತಾರಲ್ಲ, ಅದುವರೆಗಿನ ತಪ್ಪೆಲ್ಲ ತೊಳೆದುಹೋಗಲಿ ಎಂದು. ಅದಕ್ಕೇ ಲತೀಫ್.

ನೀನು ಗುನುಗಿದ್ದಷ್ಟನ್ನೂ ಹಾಗೆಯೇ ನುಡಿಸಿದೆ. ತುಂಡಾದಲ್ಲಿಂದ ಒಂದೇ ಸಾಲು ಕೂಡಿಸಿ ಷಡ್ಜಕ್ಕೆ ಇಳಿಸಿದೆ. ಅಷ್ಟು ಹೊತ್ತೂ ಸ್ವರಗಳು ಒಂದೊಂದಾಗಿ ಬಂದು ಅಮ್ಮಿಯ ಬೆರಳ ಸುತ್ತ ಕೂರುತ್ತಿದ್ದವು. ಧಾಟಿ ಮುಗಿಯಿತು. ಅಮ್ಮಿ ಬೆರಳು ಎತ್ತಲಿಲ್ಲ. ನಾನೂ ತಿದಿ ಒತ್ತುತ್ತಲೇ ಇದ್ದೆ.

ಈಗ ಅಮ್ಮಿ ಅಕ್ಕಿ ಆರಿಸುವಾಗ ಅದನ್ನೇ ಗುನುಗುತ್ತಾರಂತೆ, ಫಹ್ಮಿದಾ ಫೋನಿನಲ್ಲಿ ಹೇಳಿದಳು. ನನ್ನ ಕೋಣೆಯಲ್ಲಿ ಫ್ಯಾನು ಬರೀ ಫ್ಯಾನಿನಂತೆ ತಿರುಗುತ್ತಿದೆ. ಎಷ್ಟು ಕಿವಿಗೊಟ್ಟರೂ ಅಷ್ಟೇ.

ಅಲ್ಲೇ ಇರು. ಅಮ್ಮಿ ಊಟಕ್ಕೆ ಕರೆದಾಗ ಒಂದೇ ಸಲಕ್ಕೆ ಏಳು. ನಿನ್ನ ನಿದ್ದೆ ತಂಪಾಗಿರಲಿ.

ನಿನ್ನ ಬೇಸುರ ಗೆಳೆಯ,
ಲಕ್ಷ್ಮಿಕಾಂತ