ಹತ್ತು ಪುಟಕ್ಕೆ ಒಂದು ಅಧ್ಯಾಯ

ಹೊಲಿಗೆ ಅಂಗಡಿಯ ಮೇಲಿನ ಕೋಣೆಯಿಂದ,
ಹದಿನಾಲ್ಕನೇ ತಾರೀಖು, ಮಂಗಳವಾರ

ಪ್ರೀತಿಯ ತಮ್ಮಾ,

ನಿನ್ನ ಕೆಮ್ಮು ಈಗ ಹೇಗಿದೆ? ಬಿಸಿನೀರು ಬಿಟ್ಟು ಬೇರೇನೂ ಕುಡಿಯಬೇಡ. ಸಕ್ಕರೆ ಡಬ್ಬಿಯ ಹತ್ತಿರವಂತೂ ಸುಳಿಯಲೇಬೇಡ. ನಿನ್ನ ಕೈ ಎಷ್ಟು ಉದ್ದ ಎಂಬುದು ನನಗೆ ಗೊತ್ತಿಲ್ಲದ್ದೇ? ನಾನು ಗಟ್ಟಿಯಾಗಿದ್ದೇನೆ. ಸೂಜಿಗೆ ದಾರ ಪೋಣಿಸುವುದಕ್ಕೆ ಮಾತ್ರ ಕೆಳಗಿನ ದರ್ಜಿಯ ಸೊಸೆಯನ್ನು ಕೂಗಬೇಕು. ಪೋಣಿಸಿ ಕೊಟ್ಟರೆ ದಿನಕ್ಕೆ ಮೂವತ್ತು ಕಾಜಾ ಈಗಲೂ ಹೊಲಿದು ಬಿಸಾಕುತ್ತೇನೆ. ಆ ಹುಡುಗಿ ತಮಾಷೆ ಮಾಡುತ್ತಾಳೆ: "ಅಜ್ಜೀ, ನಿಮ್ಮ ಕಾಜಾ ಚೆಂದ ನೋಡಿ ಜನ ಗುಂಡಿ ಹಾಕೋದೇ ಮರೀತಾರೆ."

ನಿನ್ನ ಪತ್ರ ಬಂತು. ಎಂದಿನಂತೆ ಟೈಪು ಮಾಡಿದ್ದು, ಕೆಳಗೆ ಸಹಿ ಮಾತ್ರ ನಿನ್ನದು. ಕೋಳಿ ಕೆದರಿದಂತಿರುವ ಆ ಸಹಿಯನ್ನು ನೋಡಿ ಜನ, ದೊಡ್ಡ ಮನುಷ್ಯರ ಸಹಿ ಹೀಗೇ ಇರುತ್ತದೆ ಅಂದುಕೊಳ್ಳುತ್ತಾರೆ, ಪುಣ್ಯ. ನಿನ್ನ ಕಾಪಿ ಪುಸ್ತಕಕ್ಕೆ ಐವತ್ತು ವರ್ಷವಾಯಿತಂತೆ. ಮೇಲೊಂದು ಮಾದರಿ ಸಾಲು, ಕೆಳಗೆ ಮಕ್ಕಳು ತಿದ್ದುವುದಕ್ಕೆ ಖಾಲಿ ಗೆರೆಗಳು, ನಾಲ್ಕು ಭಾಗ, ನಾಲ್ಕರ ರಕ್ಷಾಪುಟದ ಮೇಲೂ ನಿನ್ನ ಫೋಟೋ. ಸನ್ಮಾನದ ದಿನ ಓದುವುದಕ್ಕೆ ಸಮಿತಿಯವರಿಗೆ ನನ್ನಿಂದ ಎರಡು ಪುಟ ಬೇಕೆಂದು ಬರೆದಿದ್ದೀಯ. ಏನು ಬರೆಯಬೇಕೆಂದೂ ಹೇಳಿದ್ದೀಯ: "ಅಕ್ಕಾ, ನಿನಗೆ ಓದು ಬರಹ ಕಲಿಸಿದ್ದು ನಾನೇ ಅಂತ ಬರಿ. ಚಿಕ್ಕಂದಿನಲ್ಲೇ ನನ್ನ ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು ಅಂತ ಬರಲಿ. ಕೇಳಿದವರ ಕಣ್ಣು ಒದ್ದೆಯಾಗಬೇಕು." ಅವರ ಎರಡು ಪುಟದ ಮಾತು ಆಮೇಲೆ. ನನಗೆ ನೆನಪಿರುವುದನ್ನು ನಿನಗೊಬ್ಬನಿಗೆ ಬರೆಯುತ್ತೇನೆ, ಓದು.

ಅಪ್ಪ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುತ್ತಿದ್ದರು. ಊರವರ ಕೆಟ್ಟ ಅಕ್ಷರ ಓದಿ ಓದಿ ರೇಗಿ ಮನೆಗೆ ಬಂದರೆ ಮೊದಲು ಕಾಣುತ್ತಿದ್ದುದು ನಿನ್ನ ಕಾಪಿ. "ಇದೇನೋ ಇದು, ಜಿರಲೆ ಮಸೀಲಿ ಬಿದ್ದು ಓಡಿದ್ಯಾ?" ಎಂದು ಮರದ ಪಟ್ಟಿಯಲ್ಲಿ ಬೆರಳ ಗಿಣ್ಣಿಗೆ ಬಾರಿಸುತ್ತಿದ್ದರು. ಆಗ ನಿನಗೆ ಎಂಟು, ನನಗೆ ಹನ್ನೊಂದು. ಶಾಲೆಗೆ ಸೇರಿದ ತಿಂಗಳಲ್ಲೇ ಅಮ್ಮ ಹೋಗಿ ನನ್ನನ್ನು ಬಿಡಿಸಿದ್ದರಿಂದ ನನಗೆ ಒಂದಕ್ಷರವೂ ಗೊತ್ತಿರಲಿಲ್ಲ. ಆದರೆ ನಿನ್ನ ಊದಿದ ಬೆರಳು ನೋಡಲಾರದೆ ಒಂದು ದಿನ ಒಲೆಯ ಪಕ್ಕ ಕೂತು, ಮೇಲಿನ ಸಾಲನ್ನು ನೋಡಿ ನೋಡಿ, ಹೂ ಬಿಡಿಸುವ ಹಾಗೆ ಕೆಳಗೆ ಬಿಡಿಸಿದೆ. ಅಪ್ಪ ಪುಟವನ್ನು ಬೆಳಕಿಗೆ ಹಿಡಿದು ನೋಡಿದರು. ನಿನ್ನ ತಲೆ ಸವರಿದರು. ಆ ದಿನದಿಂದ ನಮ್ಮ ಮನೆಯಲ್ಲಿ ಅಕ್ಷರ ಬಲ್ಲವನು ನೀನು, ಬರೆಯುವವಳು ನಾನು.

ಕೂಲಿಯಾಗಿ ನೀನು ಕಥೆ ಓದುತ್ತಿದ್ದೆ. ಶಾಲೆಯ ಕಪಾಟಿನಿಂದ 'ಲಾಟೀನು ತಂಡ'ದ ಪುಸ್ತಕಗಳನ್ನು ಒಂದೊಂದಾಗಿ ತಂದೆ, ಒಂದನ್ನೂ ವಾಪಸು ಮಾಡಲಿಲ್ಲ. ಇಪ್ಪತ್ತನಾಲ್ಕು ಪುಸ್ತಕ, ಐದು ಜನ ಮಕ್ಕಳು, ಒಂದು ಕುಂಟು ನಾಯಿ. ಹತ್ತು ಪುಟ ಕಾಪಿಗೆ ಒಂದು ಅಧ್ಯಾಯ, ಅದು ನೀನು ಕಟ್ಟಿದ ದರ. ಏಳನೇ ಪುಸ್ತಕದಲ್ಲಿ ತಂಡದ ಚಿಕ್ಕ ಹುಡುಗಿ ಪಾಳುಬಾವಿಗೆ ಬಿದ್ದಾಗ ನೀನು ಪುಸ್ತಕ ಮುಚ್ಚಿಬಿಟ್ಟೆ. ನನಗೆ ಆಗ ಜ್ವರ, ಬರೆಯಲಾಗುತ್ತಿರಲಿಲ್ಲ. "ನೀನು ಬರೆಯೋವರೆಗೂ ಅವಳು ಅಲ್ಲೇ ಇರ್ಲಿ ಬಿಡು, ನೀರು ಕುಡ್ಕೊಂಡು" ಅಂದೆ. ಎಂಟು ದಿನ ಆ ಮಗುವನ್ನು ಬಾವಿಯಲ್ಲಿ ಬಿಟ್ಟೆ, ತಮ್ಮಾ. ನಾನು ಪಾತ್ರೆ ತಿಕ್ಕುತ್ತಾ ಅಳುತ್ತಿದ್ದೆ. ನನಗೂ ಓದಲು ಕಲಿಸೋ ಎಂದು ಗೋಗರೆದರೆ ನೀನು ನಗುತ್ತಿದ್ದೆ: "ಕಲಿಸಿದ್ರೆ ನೀನೇ ಓದ್ಕೋತೀಯ. ಆಮೇಲೆ ನನಗ್ಯಾಕೆ ಬರ್ಕೊಡ್ತೀಯ?" ಹತ್ತು ವರ್ಷ ದಾಟದ ಹುಡುಗ ಎಷ್ಟು ದೂರದ ಲೆಕ್ಕ ಹಾಕಿದ್ದ ಎಂದು ಈಗಲೂ ಬೆರಗಾಗುತ್ತೇನೆ.

ನಿನಗೆ ಹತ್ತೊಂಬತ್ತಾದಾಗ ನನ್ನ ಪುಟಗಳನ್ನು ಮುದ್ರಣಾಲಯದವರಿಗೆ ನಿನ್ನವೆಂದು ತೋರಿಸಿದೆ. ಮೊದಲ ಭಾಗ ಅಚ್ಚಾಯಿತು, ಎರಡನೆಯದಕ್ಕೆ ಒಪ್ಪಿಗೆ ಬಂತು. ಅದೇ ತಿಂಗಳು ಗಡಿಯಾರ ರಿಪೇರಿಯವರು ನನ್ನನ್ನು ಕೇಳಿಕೊಂಡು ಬಂದರು. ಒಂದು ಕಾಲು ತುಸು ಗಿಡ್ಡ, ಮಾತು ಕಡಿಮೆ, ನಗು ಒಳ್ಳೆಯದು. "ನಿಮಗೆ ಒಪ್ಪಿಗೆ ಇದ್ಯೋ ಇಲ್ವೋ, ಎರಡು ಸಾಲು ನೀವೇ ಬರೆದು ಕಳಿಸಿ. ದೊಡ್ಡವರ ಬಾಯಲ್ಲಿ ಕೇಳೋದು ಬೇಡ" ಎಂದರು. ಓದು ಬಾರದು ಎಂದು ಹೇಳಲು ನಾಚಿಕೆಯಾಯಿತು. ಒಪ್ಪಿಗೆ ಎಂದು ಬರೆದುಕೊಡು, ನಾನು ನೋಡಿ ಬರೆಯುತ್ತೇನೆ ಎಂದು ನಿನ್ನನ್ನೇ ಕೇಳಿದೆ. ನೀನು ಬರೆದುಕೊಟ್ಟೆ. ಅಕ್ಷರದ ಒಂದು ಬಳ್ಳಿಯೂ ಸೊಟ್ಟಗಾಗಬಾರದೆಂದು ನಾಲ್ಕು ಸಲ ಬರೆದು, ನಾಲ್ಕನೆಯದನ್ನು ಅಂಚೆಗೆ ಹಾಕಿದೆ. ಅವರು ಮತ್ತೆ ಬರಲಿಲ್ಲ. "ಆ ಜನ ಹಾಗೇ ಬಿಡಕ್ಕಾ" ಎಂದು ಸಮಾಧಾನ ಮಾಡಿ, ಎರಡನೇ ಭಾಗದ ಕಾಗದ ನನ್ನ ಮುಂದಿಟ್ಟೆ.

ನೀನು ಮದುವೆಯಾಗಿ ದೊಡ್ಡ ಮನೆಗೆ ಹೋದ ಮೇಲೆ ಆ ಇಪ್ಪತ್ತನಾಲ್ಕು ಪುಸ್ತಕ ನನ್ನ ಪಾಲಿಗೆ ಉಳಿದವು. ಕಥೆಗಳೆಲ್ಲ ನನಗೆ ಬಾಯಿಪಾಠ. ಬಾಯಲ್ಲಿ ಹೇಳುತ್ತಾ ಸಾಲಿನ ಮೇಲೆ ಬೆರಳಿಟ್ಟುಕೊಂಡು ಹೋದೆ. ಮೊದಲು ಗುರುತು ಸಿಕ್ಕ ಪದ 'ಬಾವಿ'. ಒಂದು ವರ್ಷದಲ್ಲಿ ಓದಲು ಬಂತು, ಆಗ ನನಗೆ ಮೂವತ್ತಮೂರು. ಒಂದು ಮಧ್ಯಾಹ್ನ ಸುಮ್ಮನೆ ಪೆನ್ಸಿಲ್ ಹಿಡಿದು ಕೂತಿದ್ದಾಗ ಕೈ ತಾನಾಗಿ ಆ ಹಳೆಯ ಕಾಗದವನ್ನು ಬಿಡಿಸಿತು. ನಾಲ್ಕು ಸಲ ಬರೆದದ್ದು ಕೈಗೆ ಮರೆಯುತ್ತದೆಯೇ? ಬರೆದು ಮುಗಿಸಿ ಓದಿದೆ. "ಕುಂಟನ ಹಿಂದೆ ಬೀದಿಯಲ್ಲಿ ನಡೆಯಲು ನನಗೆ ನಾಚಿಕೆ. ಇನ್ನು ನಮ್ಮ ಮನೆಗೆ ಬರಬೇಡಿ. ಅಷ್ಟು ದೂರ ಕಾಲೆಳೆಯುವುದು ನಿಮಗೂ ಕಷ್ಟ."

ಇದು ನನಗೆ ಗೊತ್ತೆಂದು ಇವತ್ತಿನವರೆಗೆ ನಿನಗೆ ಹೇಳಿರಲಿಲ್ಲ. ಅವರಿಗಾದರೂ ಹೇಳೋಣವೆಂದು ಆ ವಾರವೇ ಒಂದು ಕೆಟ್ಟ ಗಡಿಯಾರ ಎತ್ತಿಕೊಂಡು ಅಂಗಡಿಗೆ ಹೋದೆ. ಪಕ್ಕದಲ್ಲಿ ಹೆಂಡತಿ, ಬೆಂಚಿನ ಮೇಲೆ ಎರಡು ಮಕ್ಕಳು. ನಮ್ಮ ಕಾಪಿ ಪುಸ್ತಕವನ್ನೇ ತಿದ್ದುತ್ತಿದ್ದವು. ಅವರು ಕಣ್ಣಿನ ಭೂತಗನ್ನಡಿ ತೆಗೆಯಲೇ ಇಲ್ಲ. ಗಡಿಯಾರ ವಾಪಸು ಕೊಡುವಾಗ ಮೆಲ್ಲಗೆ ಅಂದರು: "ಬೈದ್ರೂ ಎಷ್ಟು ಚೆನ್ನಾಗಿ ಬರೆದಿದ್ರಿ." ಆ ಹೆಂಗಸಿನ ಎದುರು ನಾನೇನು ಹೇಳಲಿ? ಗಡಿಯಾರ ತಂದೆ. ಅದು ಸರಿಯಾಗಿಯೇ ನಡೆಯುತ್ತಿದೆ.

ಹೊತ್ತಾಯಿತು, ಶಾಲೆಯ ಅಂಗಿಗಳ ರಾಶಿ ಕಾಯುತ್ತಿದೆ. ನಿನ್ನ ಹೆಂಡತಿ ಮಕ್ಕಳಿಗೆ ನನ್ನ ಪ್ರೀತಿ ತಿಳಿಸು. ನೂರು ವರ್ಷ ಬಾಳು. ಜನರ ಬಾಯಲ್ಲಿ ನಿನ್ನ ಹೆಸರಿರಲಿ.

ಇತಿ,
ನಿನ್ನ ಅಕ್ಕ

ಮರೆತಿದ್ದೆ: ಸಮಿತಿಯವರ ಎರಡು ಪುಟವನ್ನು ಹೋದ ವಾರವೇ ಕಳಿಸಿಬಿಟ್ಟೆ. ಹೆದರಬೇಡ, ನೀನು ಹೇಳಿದಂತೆಯೇ ಬರೆದಿದ್ದೇನೆ, ಒಂದು ಮಾತೂ ಬಿಟ್ಟಿಲ್ಲ. ಕೊನೆಗೆ ಈ ಮುದುಕಿಯ ಆಸೆಯೊಂದನ್ನು ಮಾತ್ರ ಸೇರಿಸಿದೆ: ಹಾರ ಹಾಕುವ ಮೊದಲು ನನ್ನ ತಮ್ಮ ವೇದಿಕೆಯ ಮೇಲೆ ತನ್ನ ಕೈಯಾರೆ ಒಂದೇ ಒಂದು ಸಾಲು ಬರೆದು ತೋರಿಸಲಿ, ಮಕ್ಕಳು ಕಣ್ತುಂಬಿಕೊಳ್ಳಲಿ ಎಂದು. ಅಧ್ಯಕ್ಷರು ನಿನ್ನೆ ದರ್ಜಿಯ ಫೋನಿಗೆ ಕರೆ ಮಾಡಿ ಸಂತೋಷದಿಂದ ಮೂರು ಸಲ ವಂದನೆ ಹೇಳಿದರು. ಆಮಂತ್ರಣದಲ್ಲಿ ಅಚ್ಚು ಹಾಕಿಸಿದ್ದಾರಂತೆ. ಮುಂದಿನ ಸಾಲಿನಲ್ಲಿ ಮುನ್ನೂರು ಮಕ್ಕಳು. ಬೋರ್ಡು ಹೊಸದಾಗಿ ಮಾಡಿಸಿದ್ದಾರೆ, ಕಟ್ಟಕಡೆಯಲ್ಲಿ ನಿಂತವರಿಗೂ ಕಾಣುವಷ್ಟು ದೊಡ್ಡದು.